ಕೌದಿ ತೆಗೆದ ಮೇಲಿನ ಒಂದು ತಾಸು

ರೋಗಿ ಗುಳೇದಗುಡ್ಡದ ಕಡೆಯವರು. ವಯಸ್ಸು 63, ತೂಕ 42 ಕೆ.ಜಿ. ಮದುವೆಯಾಗಿ ಬಂದ ಮನೆಯಲ್ಲಿ ಕೈಮಗ್ಗವಿತ್ತು. ಅಂದಿನಿಂದಲೂ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಸಿ ಕುಳಿತು ಖಣ ನೇಯುತ್ತ ಬಂದವರು. ಎರಡು ವರ್ಷಗಳಿಂದ ಐವತ್ತು ಹೆಜ್ಜೆ ನಡೆದರೆ ಸಾಕು, ಎರಡೂ ಕಾಲು ಜೋಮು ಹಿಡಿದು ಭಾರವಾಗುತ್ತಿದ್ದವು. ಕುಳಿತು ಮುಂದಕ್ಕೆ ಬಾಗಿದರೆ ಸ್ವಲ್ಪ ಹೊತ್ತಿನಲ್ಲಿ ಹಗುರವಾಗುತ್ತಿತ್ತು. ಸಂತೆಗೆ ಹೋಗುವುದು ನಿಂತಿತ್ತು, ಗುಡಿಗೆ ಹೋಗುವುದೂ ನಿಂತಿತ್ತು. ಎಂಆರ್‌ಐ ಚಿತ್ರದಲ್ಲಿ ಸೊಂಟದ ಮೂರು ಮತ್ತು ನಾಲ್ಕನೆಯ, ನಾಲ್ಕು ಮತ್ತು ಐದನೆಯ ಕಶೇರುಗಳ (ಬೆನ್ನೆಲುಬಿನ ಮಣಿಗಳ) ನಡುವೆ ನರಗಳು ಹಾದುಹೋಗುವ ದಾರಿ ಕಿರಿದಾಗಿತ್ತು. ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಸಕ್ಕರೆ ಕಾಯಿಲೆ ಇರಲಿಲ್ಲ. ಹಿಮೋಗ್ಲೋಬಿನ್ 10.8.

ನಾನು ಬಾಗಲಕೋಟೆಯ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯನ್ನು ಎಂಡೋಸ್ಕೋಪ್ ಮೂಲಕ ಮಾಡುವ ವ್ಯವಸ್ಥೆ ನಮ್ಮಲ್ಲಿ ಬಂದು ಆಗ ಹೆಚ್ಚು ದಿನವಾಗಿರಲಿಲ್ಲ. ಬೆನ್ನಿನ ಮೇಲೆ ಉಗುರಿನಗಲದ ರಂಧ್ರಗಳನ್ನು ಮಾಡಿ, ಒಂದರಿಂದ ಕ್ಯಾಮೆರಾ, ಇನ್ನೊಂದರಿಂದ ಉಪಕರಣ ಇಳಿಸುತ್ತಾರೆ. ರಕ್ತ ತೊಳೆದುಹೋಗಿ ನೋಟ ತಿಳಿಯಾಗಿರಲೆಂದು ಸಲೈನ್ ನೀರು ಒಂದು ರಂಧ್ರದಿಂದ ಒಳಹೋಗಿ ಇನ್ನೊಂದರಿಂದ ಹೊರಬರುತ್ತಲೇ ಇರುತ್ತದೆ. ಸ್ನಾಯುಗಳನ್ನು ಉದ್ದಕ್ಕೆ ಸೀಳುವ ಪ್ರಮೇಯವಿಲ್ಲ, ರಕ್ತ ಕಡಿಮೆ ಹೋಗುತ್ತದೆ, ಮರುದಿನವೇ ನಡೆದಾಡಬಹುದು. ಇದನ್ನೆಲ್ಲ ಮನೆಯವರಿಗೆ ನಾವು ಹೇಳಿದೆವು. ಹೇಳಿದ್ದೆಲ್ಲವೂ ನಿಜ. ಆದರೆ ಹೇಳುತ್ತ ಹೇಳುತ್ತ ನಮ್ಮೊಳಗೂ ಒಂದು ನಂಬಿಕೆ ಬೇರೂರಿತ್ತು: ರಂಧ್ರ ಸಣ್ಣದು, ಆದ್ದರಿಂದ ರೋಗಿ ಕಳೆದುಕೊಳ್ಳುವುದೂ ಸಣ್ಣದು. ಈ ಪ್ರಕರಣವನ್ನು ಬರೆಯುತ್ತಿರುವುದು ಆ ನಂಬಿಕೆ ಮುರಿದ ಬಗೆಯನ್ನು ದಾಖಲಿಸಲಿಕ್ಕೆ.

ಆ ಬೆಳಿಗ್ಗೆ

ಡಿಸೆಂಬರ್ ತಿಂಗಳು. ನಮ್ಮದು ಬಿಸಿಲ ಸೀಮೆ ಎಂದು ಹೆಸರಾಗಿದೆ. ಇಲ್ಲಿ ತಂಪು ಎಂದರೆ ಸುಖ, ಆಸ್ಪತ್ರೆಯ ಎ.ಸಿ. ಎಂದರೆ ಹೆಮ್ಮೆ. ಚಳಿಗಾಲದ ಮುಂಜಾವಿನಲ್ಲಿ ಆಸ್ಪತ್ರೆಯ ಕಲ್ಲುಹಾಸು ಎಷ್ಟು ತಣ್ಣಗಿರುತ್ತದೆ ಎಂಬುದನ್ನು ಬರಿಗಾಲಿನಲ್ಲಿ ನಡೆಯುವ ರೋಗಿಗಳು ಬಲ್ಲರು, ಬೂಟು ಹಾಕಿದ ನಾವು ಅರಿಯೆವು.

ಐದು ಗಂಟೆಗೆ ಅವರಿಗೆ ಸ್ನಾನ ಮಾಡಿಸಿದರು. ಶಸ್ತ್ರಚಿಕಿತ್ಸೆಯ ಮುನ್ನ ಮೈ ಶುಚಿಯಾಗಿರಬೇಕು ಎಂಬುದು ನಿಯಮ. ತಲೆಗೂ ನೀರು ಹಾಕಿಕೊಳ್ಳಬೇಕು ಎಂದು ಯಾರೂ ಹೇಳಿರಲಿಲ್ಲ. ದೊಡ್ಡ ಕೆಲಸಕ್ಕೆ ಹೋಗುವ ಮುನ್ನ ತಲೆಸ್ನಾನ ಮಾಡುವುದು ಮನೆಯ ರೂಢಿ, ಮಾಡಿಕೊಂಡರು. ಸೌರ ಹೀಟರಿನ ನೀರು ಆ ಹೊತ್ತಿಗೆ ಉಗುರುಬೆಚ್ಚಗೂ ಇರಲಿಲ್ಲ. ಒದ್ದೆ ಕೂದಲನ್ನು ಹಾಗೆಯೇ ತುರುಬು ಕಟ್ಟಿಕೊಂಡು, ಮಗಳು ತಂದಿದ್ದ ಕೌದಿ ಹೊದ್ದು ಮಲಗಿದರು. ಹಳೆಯ ಸೀರೆಗಳ ಪದರಗಳನ್ನು ಸೇರಿಸಿ, ಒತ್ತಾಗಿ ಹೊಲಿಗೆ ಹಾಕಿದ ಕೌದಿ. ಆರೂವರೆಗೆ ನರ್ಸ್ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿ 35.8 ಡಿಗ್ರಿ ಸೆಲ್ಸಿಯಸ್ ಎಂದು ಹಾಳೆಯಲ್ಲಿ ಬರೆದರು. ಕಂಕುಳ ಅಳತೆ ದೇಹದ ನಿಜವಾದ ಒಳತಾಪಕ್ಕಿಂತ ಕಡಿಮೆ ತೋರಿಸುವುದುಂಟು. ಅದೇನೇ ಇರಲಿ, ಆ ಅಂಕಿಯನ್ನು ಆ ದಿನ ಯಾರೂ ಓದಲಿಲ್ಲ. 38.5 ಎಂದಿದ್ದರೆ ಮೂರು ಜನ ನನಗೆ ಫೋನ್ ಮಾಡುತ್ತಿದ್ದರು. ಜ್ವರ ನಮ್ಮನ್ನು ಎಬ್ಬಿಸುತ್ತದೆ, ತಂಪು ಯಾರನ್ನೂ ಎಬ್ಬಿಸುವುದಿಲ್ಲ.

7 ಗಂಟೆ 40 ನಿಮಿಷಕ್ಕೆ ಅವರನ್ನು ಟ್ರಾಲಿಯ ಮೇಲೆ ಒಟಿಯ (ಶಸ್ತ್ರಚಿಕಿತ್ಸೆಯ ಕೋಣೆಯ) ಹಜಾರಕ್ಕೆ ತಂದರು. ವಾರ್ಡಿನ ಬಾಗಿಲಲ್ಲೇ ಆಯಾ ಕೌದಿ ತೆಗೆದು ಮಗಳ ಕೈಗೆ ಕೊಟ್ಟಿದ್ದರು. ಹೊರಗಿನ ಬಟ್ಟೆ ಒಟಿಗೆ ಬರಬಾರದು ಎಂಬ ನಿಯಮವನ್ನು ಅವರು ತಮಗೆ ತಿಳಿದಂತೆ ಪಾಲಿಸಿದ್ದರು. ಬೆನ್ನಿಗೆ ಲಾಡಿ ಕಟ್ಟುವ ತೆಳುವಾದ ಗೌನು, ಅದರ ಮೇಲೊಂದು ಬೆಡ್‌ಶೀಟು, ಕೆಳಗೆ ರೆಕ್ಸಿನ್ ಹಾಸಿಗೆ. ಆಗಲೇ ತುರ್ತು ಸಿಸೇರಿಯನ್ ಒಂದು ಬಂತು. ನಾನೂ ತಂತ್ರಜ್ಞನೂ ಪಕ್ಕದ ಕೋಣೆಗೆ ಹೋದೆವು. ಕೂಸು ಚೆನ್ನಾಗಿ ಅತ್ತಿತು. ನಾವು ಹೊರಬಂದಾಗ 8 ಗಂಟೆ 40 ನಿಮಿಷ. ಪೂರ್ತಿ ಒಂದು ತಾಸು ಈ ತಾಯಿ ಹಜಾರದಲ್ಲಿ ಮಲಗಿದ್ದರು. ‘ಚಳಿಯಾಗುತ್ತಿದೆಯೇ ಅವ್ವ?’ ಎಂದು ಕೇಳಿದೆ. ‘ಇರಲಿ ತಂಗಿ, ತಡೆಯುತ್ತೇನೆ’ ಎಂದರು. ಅದನ್ನು ನಾನು ಇಲ್ಲ ಎಂಬ ಉತ್ತರವೆಂದು ತೆಗೆದುಕೊಂಡೆ.

ಒಟಿಯ ಎ.ಸಿ. 18 ಡಿಗ್ರಿಯಲ್ಲಿತ್ತು. 8 ಗಂಟೆ 55 ನಿಮಿಷಕ್ಕೆ ಅರಿವಳಿಕೆ ಕೊಟ್ಟೆ. ಉಸಿರಾಟದ ಕೊಳವೆ ಹಾಕಿ, ಬೋರಲು ತಿರುಗಿಸಿ, ಎದೆಗೂ ಸೊಂಟಕ್ಕೂ ದಿಂಬು ಕೊಟ್ಟು ಹೊಟ್ಟೆ ಸಡಿಲವಾಗಿ ತೂಗುವಂತೆ ಮಲಗಿಸಿದೆವು. ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರ ತಂದು ಯಾವ ಕಶೇರು ಎಂದು ಗುರುತು ಮಾಡಲು, ಸ್ಪಿರಿಟ್ ಮತ್ತು ಅಯೋಡಿನ್ ದ್ರಾವಣದಿಂದ ಬೆನ್ನು ಒರೆಸಲು ಇನ್ನೊಂದು ಕಾಲು ತಾಸು ಹಿಡಿಯಿತು. ಅಷ್ಟು ಹೊತ್ತೂ ಕುತ್ತಿಗೆಯಿಂದ ತೊಡೆಯವರೆಗೆ ಬೆನ್ನು ಬಯಲಾಗಿತ್ತು, ಮೇಲಾಗಿ ಒದ್ದೆಯಾಗಿತ್ತು. ಬಿಸಿಗಾಳಿ ಊದುವ ಯಂತ್ರ ನಮ್ಮಲ್ಲಿ ಒಂದೇ ಇತ್ತು, ಅದು ಐಸಿಯುದಲ್ಲಿತ್ತು. ತರಿಸಬೇಕೆಂದು ನನಗೆ ಅನ್ನಿಸಲೇ ಇಲ್ಲ. ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆಯಾಗಿದ್ದರೆ ಖಂಡಿತ ತರಿಸುತ್ತಿದ್ದೆ.

ಮೂಗಿನ ಮೂಲಕ ಗಂಟಲ ಮೇಲ್ಭಾಗಕ್ಕೆ ಇಳಿಸುವ ತಾಪದ ಪ್ರೋಬನ್ನು ಹಾಕಿದ್ದು 9 ಗಂಟೆ 30 ನಿಮಿಷಕ್ಕೆ, ಎಲ್ಲ ಹೊಂದಿಸಿಯಾದ ಮೇಲೆ. ಮಾನಿಟರ್ 35.2 ತೋರಿಸಿತು. ಇನ್ನೂ ಚಾಕು ತಾಗಿರಲಿಲ್ಲ. 10 ಗಂಟೆ 30 ನಿಮಿಷಕ್ಕೆ 34.7. 11 ಗಂಟೆ 30 ನಿಮಿಷಕ್ಕೆ 34.3. ಮುಗಿದಾಗ 12 ಗಂಟೆ 5 ನಿಮಿಷ, 34.2. ಶಸ್ತ್ರಚಿಕಿತ್ಸೆ ಬಹಳ ಚೆನ್ನಾಗಿ ನಡೆದಿತ್ತು. ಎರಡೂ ಕಡೆ ನರಗಳು ಬಿಡುಗಡೆಯಾಗಿ ಮಿಡಿಯುವುದನ್ನು ಪರದೆಯ ಮೇಲೆ ನೋಡಿ ಎಲ್ಲರೂ ಸಂತೋಷಪಟ್ಟೆವು. ಮೂರು ಲೀಟರಿನ ಏಳು ಸಲೈನ್ ಚೀಲ ಖಾಲಿಯಾಗಿದ್ದವು. ಹೊದಿಸಿದ್ದ ಬಟ್ಟೆಗಳ ಸಂದಿಯಿಂದ ಸೋರಿದ ನೀರು ಹೊಟ್ಟೆಯ ಕೆಳಗಿನ ಹಾಸಿಗೆಯಲ್ಲಿ ನಿಂತಿದ್ದನ್ನು ಕಂಡದ್ದು ಅವರನ್ನು ಅಂಗಾತ ತಿರುಗಿಸಿದಾಗಲೇ.

ಸ್ನಾಯು ಸಡಿಲಿಸಲು ಕೊಟ್ಟಿದ್ದ ವೆಕ್ಯುರೋನಿಯಂ ಇಳಿಯಲೊಲ್ಲದು. ಕೊನೆಯ ಡೋಸ್ ಕೊಟ್ಟು ತಾಸಿನ ಮೇಲಾಗಿತ್ತು. ಒಳತಾಪ ಎರಡು ಡಿಗ್ರಿ ಇಳಿದರೆ ಈ ಔಷಧದ ಅವಧಿ ಎರಡು ಪಟ್ಟಿಗೂ ಮಿಕ್ಕಿ ಬೆಳೆಯುತ್ತದೆ ಎಂಬುದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೊಳವೆ ತೆಗೆದಾಗ 12 ಗಂಟೆ 55 ನಿಮಿಷ. ಈಗ ಯೋಚಿಸಿದರೆ ಅದೂ ಅವಸರವೇ. ಅವರನ್ನು ನಿದ್ದೆಯಲ್ಲೇ ಇಟ್ಟು, ಮೈ 36ಕ್ಕೆ ಬರುವವರೆಗೆ ಕಾದು, ಆಮೇಲೆ ಎಬ್ಬಿಸಬೇಕಿತ್ತು. ಮುಂದಿನ ರೋಗಿ ಬಾಗಿಲಲ್ಲಿದ್ದರು ಎಂಬುದು ಕಾರಣವಾಗಬಾರದಿತ್ತು. ಆದರೆ ಆಯಿತು.

ಐದು ನಿಮಿಷದಲ್ಲಿ ನಡುಕ ಶುರುವಾಯಿತು. ದವಡೆಯಿಂದ ಹಿಡಿದು ತೊಡೆಯವರೆಗೆ, ಟ್ರಾಲಿಯ ಕಂಬಿ ಸದ್ದು ಮಾಡುವಷ್ಟು ನಡುಕ. ನಾಡಿ 118, ರಕ್ತದೊತ್ತಡ 190/100, ಮಾಸ್ಕಿನಲ್ಲಿ ಆಮ್ಲಜನಕ ಕೊಡುತ್ತಿದ್ದರೂ ಬೆರಳಿನ ಅಳತೆ 91. ನಡುಗುವ ಸ್ನಾಯುಗಳು ಆಮ್ಲಜನಕವನ್ನು ಎಂದಿನ ಎರಡು ಮೂರು ಪಟ್ಟು ಬೇಡುತ್ತವೆ. ರಕ್ತದೊತ್ತಡದ ಕಾಯಿಲೆಯಿರುವ 63ರ ಹೃದಯ ಅದನ್ನು ಪೂರೈಸಬೇಕು. ಆಗತಾನೆ ಕೆಲಸ ಮಾಡಿದ ಬೆನ್ನಿಗೆ ಪ್ರತಿ ನಡುಕವೂ ನೋವು. ಅವರು ಅಳುತ್ತಿದ್ದರು. ಐಸಿಯುದಿಂದ ಯಂತ್ರ ಓಡಿ ಬಂತು. ಒದ್ದೆ ಬಟ್ಟೆ ತೆಗೆದು ಒರೆಸಿ, ಬಿಸಿಗಾಳಿಯ ಹೊದಿಕೆ ಹೊದಿಸಿ, ನಡುಕ ತಗ್ಗಿಸಲು ನಿಧಾನವಾಗಿ ಟ್ರಾಮಾಡಾಲ್ ಕೊಟ್ಟೆವು. 36.1 ಮುಟ್ಟಿದ್ದು 2 ಗಂಟೆ 45 ನಿಮಿಷಕ್ಕೆ. ಇಸಿಜಿ, ರಕ್ತಪರೀಕ್ಷೆಗಳಲ್ಲಿ ಹೃದಯಕ್ಕೆ ಪೆಟ್ಟಾದ ಗುರುತು ಇರಲಿಲ್ಲ. ಗಾಯದೊಳಗಿನ ರಕ್ತವನ್ನು ಹೊರಬಿಡುವ ಕೊಳವೆಯಾದ ಡ್ರೇನಿನಲ್ಲಿ ನಿರೀಕ್ಷೆಗಿಂತ ಹೆಚ್ಚು ರಕ್ತ ಬಂತು, ಒಂದು ದಿನ ಹೆಚ್ಚಿಗೆ ಇರಿಸಿಕೊಂಡೆವು. ಚಳಿಯಿಂದ ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಮಂದವಾಗಿ, ಹೆಪ್ಪುಗಟ್ಟುವಿಕೆ ತಡವಾಗುವುದು ನಿಜ. ಹಾಗೆಂದು ಒಬ್ಬರ ಡ್ರೇನ್ ನೋಡಿ ಅದೇ ಕಾರಣ ಎಂದು ಹೇಳುವುದು ತಪ್ಪಾಗುತ್ತದೆ, ನಾನು ಹೇಳುವುದಿಲ್ಲ.

ಶಾಖ ಹೋದದ್ದು ಎಲ್ಲಿಗೆ

ಅಂದು ರಾತ್ರಿ ಮನೆಯಲ್ಲಿ ಕುಳಿತು ಲೆಕ್ಕ ಹಾಕಿದೆ. ಎಲ್ಲರೂ ಮೊದಲು ಬೆರಳು ತೋರಿಸಿದ್ದು ಸಲೈನ್ ನೀರಿನ ಕಡೆಗೆ. ಆದರೆ ನನ್ನ ಮುಂದಿದ್ದ ಹಾಳೆ ಬೇರೆಯದನ್ನು ಹೇಳುತ್ತಿತ್ತು. ನೀರು ಹರಿಯುವ ಮೊದಲೇ ಮಾನಿಟರ್ 35.2ಕ್ಕೆ ಇಳಿದಿತ್ತು. ದೊಡ್ಡ ನಷ್ಟ ರಂಧ್ರ ಮಾಡುವ ಮೊದಲೇ ಆಗಿಹೋಗಿತ್ತು.

ಇದು ಹೇಗೆ ಎಂಬುದನ್ನು ನಮ್ಮ ಮನೆಗಳ ಮಾದರಿಯಲ್ಲೇ ಹೇಳಬಹುದು. ಚಳಿಗಾಲದ ರಾತ್ರಿ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿರುತ್ತದೆ, ಬಾಗಿಲು ಮುಚ್ಚಿರುತ್ತದೆ, ಪಡಸಾಲೆ ತಣ್ಣಗಿರುತ್ತದೆ. ಎಚ್ಚರವಿರುವ ದೇಹವೂ ಹೀಗೆಯೇ. ಮಿದುಳು, ಹೃದಯ, ಯಕೃತ್ತು ಇರುವ ಒಳಮನೆಯನ್ನು 37ರ ಆಸುಪಾಸಿನಲ್ಲಿ ಇಟ್ಟುಕೊಂಡು, ಚಳಿಯಾದಾಗ ಕೈಕಾಲುಗಳ ರಕ್ತನಾಳಗಳನ್ನು ಬಿಗಿಮಾಡಿ ಬಾಗಿಲು ಮುಚ್ಚುತ್ತದೆ. ಅರಿವಳಿಕೆಯ ಔಷಧಗಳು ಆ ನಾಳಗಳನ್ನು ಸಡಿಲಿಸುತ್ತವೆ. ಎಲ್ಲ ಬಾಗಿಲುಗಳೂ ಒಮ್ಮೆಲೇ ತೆರೆದುಕೊಳ್ಳುತ್ತವೆ. ಅಡುಗೆಮನೆಯ ಬಿಸಿ ಪಡಸಾಲೆಗೆ ಹರಡುತ್ತದೆ. ಮನೆಯಿಂದ ಹೊರಗೆ ಹೋದ ಶಾಖ ಸ್ವಲ್ಪವೇ, ಆದರೂ ಅಡುಗೆಮನೆ ಮೊದಲ ಒಂದು ತಾಸಿನಲ್ಲಿ ಒಂದರಿಂದ ಒಂದೂವರೆ ಡಿಗ್ರಿ ತಣ್ಣಗಾಗುತ್ತದೆ. ಎಚ್ಚರವಿದ್ದಾಗ ಒಳತಾಪ ಒಂದು ಡಿಗ್ರಿಯ ಭಾಗದಷ್ಟು ಆಚೀಚೆಯಾದರೂ ಮಿದುಳು ಎಚ್ಚೆತ್ತು ನಡುಕವನ್ನೋ ಬೆವರನ್ನೋ ತರಿಸುತ್ತದೆ. ಅರಿವಳಿಕೆಯಲ್ಲಿ ಎರಡರಿಂದ ನಾಲ್ಕು ಡಿಗ್ರಿ ಇಳಿಯುವವರೆಗೂ ಅದು ಸುಮ್ಮನಿರುತ್ತದೆ.

ಪಡಸಾಲೆ ಎಷ್ಟು ತಣ್ಣಗಿತ್ತು ಎಂಬುದರ ಮೇಲೆ ಈ ಇಳಿತ ನಿಂತಿದೆ. ಒದ್ದೆ ತುರುಬು, ಬರಿಗಾಲು, ಒಂದು ತಾಸಿನ ಹಜಾರ. ನಾವು ಅವರ ಪಡಸಾಲೆಯನ್ನು ಆದಷ್ಟು ತಣ್ಣಗೆ ಮಾಡಿ, ಆಮೇಲೆ ಬಾಗಿಲು ತೆರೆದಿದ್ದೆವು. ಒಂದೇ ಒಂದು ಪದರ ಹೊದಿಕೆಯಾದರೂ ಚರ್ಮದಿಂದ ಹೋಗುವ ಶಾಖವನ್ನು ಸುಮಾರು ಶೇಕಡಾ 30ರಷ್ಟು ತಡೆಯುತ್ತದೆ. ಕೌದಿಯಲ್ಲಿ ಎಷ್ಟು ಪದರಗಳಿದ್ದವೋ! ಅದನ್ನು ಕಸಿದುಕೊಂಡದ್ದು ಒಟಿಯ ಬಾಗಿಲಲ್ಲೂ ಅಲ್ಲ, ವಾರ್ಡಿನ ಬಾಗಿಲಲ್ಲಿ.

ಉಳಿದದ್ದು ಅಂಕಗಣಿತ. ಒಂದು ಕೆ.ಜಿ. ದೇಹವನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 0.83 ಕಿಲೋಕ್ಯಾಲೊರಿ ಬೇಕು. 42 ಕೆ.ಜಿ.ಗೆ ಒಂದು ಡಿಗ್ರಿ ಎಂದರೆ 35 ಕಿಲೋಕ್ಯಾಲೊರಿ. 20 ಡಿಗ್ರಿಯ ಒಂದು ಲೀಟರ್ ಸಲೈನನ್ನು ರಕ್ತನಾಳದೊಳಗೆ ಬಿಟ್ಟರೆ, ಅದನ್ನು 37ಕ್ಕೆ ತರಲು ದೇಹ 17 ಕಿಲೋಕ್ಯಾಲೊರಿ ಕೊಡಬೇಕು. 70 ಕೆ.ಜಿ.ಯ ಗಂಡಸಿನಲ್ಲಿ ಇದು ಕಾಲು ಡಿಗ್ರಿಯ ಮಾತು, ಪುಸ್ತಕಗಳಲ್ಲಿ ಇರುವುದು ಆ ಅಂಕಿಯೇ. ಈ ತಾಯಿಗೆ ಅದು ಅರ್ಧ ಡಿಗ್ರಿ. ಅಂದು 1.2 ಲೀಟರ್ ಹೋಗಿತ್ತು. ಇನ್ನು ಬೆನ್ನು ತೊಳೆದ 21 ಲೀಟರ್ ನೀರು. ಒಳಹೋದ ನೀರು ಕೇವಲ ಒಂದು ಡಿಗ್ರಿ ಬಿಸಿಯಾಗಿ ಹೊರಬಂದಿದ್ದರೂ 21 ಕಿಲೋಕ್ಯಾಲೊರಿ ಹೊತ್ತೊಯ್ದಿರುತ್ತದೆ, ಅಂದರೆ ಅರ್ಧ ಡಿಗ್ರಿಗೂ ಹೆಚ್ಚು. ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆ ಎಂದು ನಾವು ಕರೆಯುತ್ತಿದ್ದುದು ನೀರಿನ ದೃಷ್ಟಿಯಿಂದ ದೊಡ್ಡ ಶಸ್ತ್ರಚಿಕಿತ್ಸೆಯೇ ಆಗಿತ್ತು. ಹಳೆಯ ರೀತಿಯಲ್ಲಿ ಬೆನ್ನು ಸೀಳಿ ಮಾಡುವಾಗ ಇದರ ಹತ್ತನೆಯ ಒಂದು ಭಾಗ ನೀರನ್ನೂ ನಾವು ಬಳಸುತ್ತಿರಲಿಲ್ಲ.

ಮೈ ಬೆಚ್ಚಗಿಡುವುದರಿಂದ ಆಗುವುದೇನು ಎಂಬ ಪ್ರಶ್ನೆಗೆ ಪುರಾವೆ ಎರಡು ಬಗೆಯದು, ಎರಡನ್ನೂ ಹೇಳಬೇಕು. 1996ರಲ್ಲಿ ಆಂಡ್ರಿಯಾ ಕರ್ಜ್, ಡೇನಿಯಲ್ ಸೆಸ್ಲರ್ ಮತ್ತು ಸಂಗಡಿಗರು ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯ 200 ರೋಗಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ತಣ್ಣಗಾದವರಲ್ಲಿ ಶೇಕಡಾ 19ರಷ್ಟು, ಬೆಚ್ಚಗಿದ್ದವರಲ್ಲಿ ಶೇಕಡಾ 6ರಷ್ಟು ಗಾಯದ ಸೋಂಕು ಕಂಡಿತು. ತಣ್ಣಗಾದವರ ಸರಾಸರಿ ತಾಪ 34.7 ಇತ್ತು. 2022ರಲ್ಲಿ ಪ್ರಕಟವಾದ, 5,000ಕ್ಕೂ ಹೆಚ್ಚು ರೋಗಿಗಳ ಅಧ್ಯಯನ 35.5 ಮತ್ತು 37 ಡಿಗ್ರಿಗಳನ್ನು ಹೋಲಿಸಿತು. ಹೃದಯದ ತೊಂದರೆಯಲ್ಲಾಗಲಿ ಸೋಂಕಿನಲ್ಲಾಗಲಿ ವ್ಯತ್ಯಾಸ ಸಿಗಲಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಎರಡನೆಯದನ್ನು ಮುಂದಿಟ್ಟು ಇಷ್ಟು ತಲೆಕೆಡಿಸಿಕೊಳ್ಳುವುದು ಬೇಡ ಎಂದರು. ನಾನು ಒಪ್ಪಲಿಲ್ಲ. 37ರ ಹಿಂದೆ ಓಡಬೇಕಾಗಿಲ್ಲ ಎಂದು ಆ ಅಧ್ಯಯನ ಹೇಳುತ್ತದೆ, ಅಷ್ಟನ್ನು ಒಪ್ಪುತ್ತೇನೆ. ಆದರೆ ಅದರಲ್ಲಿ ತಂಪಿನ ಗುಂಪನ್ನೂ 35.5ರಲ್ಲಿ ಹಿಡಿದು ನಿಲ್ಲಿಸಲಾಗಿತ್ತು. 34.2 ಎಂಬುದು ಆ ಅಧ್ಯಯನದ ಅಂಗಳದಲ್ಲೇ ಇಲ್ಲ. ಮೇಲಾಗಿ, ಯಾವ ಅಂಕಿಗೂ ಸೋಂಕಿಗೂ ಸಂಬಂಧವಿಲ್ಲದ ಒಂದು ಮಾತಿದೆ: ಅವರು ನಡುಗಿದರು, ಅತ್ತರು.

ಬದಲಾದದ್ದು

ಮೊದಲ ಸಭೆಯಲ್ಲಿ ಜಗಳವಾಗಿದ್ದು ಎ.ಸಿ.ಯ ರಿಮೋಟಿನ ಸುತ್ತ. ಶಸ್ತ್ರಚಿಕಿತ್ಸಕರ ಕಷ್ಟ ಸುಳ್ಳಲ್ಲ. ಎಕ್ಸ್-ರೇ ತಡೆಯಲು ಐದಾರು ಕೆ.ಜಿ.ಯ ಸೀಸದ ಏಪ್ರನ್ ತೊಟ್ಟು, ಅದರ ಮೇಲೆ ಗೌನು ಹಾಕಿ ಮೂರು ತಾಸು ನಿಂತರೆ ಯಾರಿಗಾದರೂ ಬೆವರು ಕಣ್ಣಿಗಿಳಿಯುತ್ತದೆ. ಆದ್ದರಿಂದಲೇ ಎ.ಸಿ. 18ಕ್ಕೆ ಇಳಿಯುತ್ತಿತ್ತು. ಕೋಣೆಯಲ್ಲಿ ಅತಿ ಹೆಚ್ಚು ಬಟ್ಟೆ ತೊಟ್ಟವರ ಅನುಕೂಲಕ್ಕೆ ಹೊಂದಿಸಿದ ತಾಪವನ್ನು ಬಟ್ಟೆಯೇ ಇಲ್ಲದವರು ಅನುಭವಿಸುತ್ತಿದ್ದರು. ಇದನ್ನು ನಾನು ಹೇಳಿದಾಗ ಶಸ್ತ್ರಚಿಕಿತ್ಸಕರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ದಾರಿ ತೋರಿಸಿದವರು ಅವರೇ. ಕಶೇರು ಗುರುತಿಸುವ ಚಿತ್ರಗಳನ್ನೆಲ್ಲ ಮೊದಲೇ ತೆಗೆದು, ಏಪ್ರನ್ ಕಳಚಿಟ್ಟು, ಆಮೇಲೆ ಕೈತೊಳೆದು ಗೌನು ತೊಡುವುದು. ನಡುವೆ ಒಂದು ಚಿತ್ರ ಬೇಕಾದರೆ ಸೀಸದ ಪರದೆಯ ಹಿಂದೆ ಸರಿಯುವುದು. ಎಂಡೋಸ್ಕೋಪ್ ಇಳಿದ ಮೇಲೆ ಎಕ್ಸ್-ರೇ ಬೇಕಾಗುವುದು ಅಪರೂಪ, ಸುಮ್ಮನೆ ಹೊತ್ತುಕೊಂಡು ನಿಲ್ಲುತ್ತಿದ್ದೆವು ಎಂದರು. ಈಗ ರೋಗಿ ಒಳಬಂದಲ್ಲಿಂದ ಬಟ್ಟೆ ಹೊದಿಸುವವರೆಗೆ ಕೋಣೆ 24ರಲ್ಲಿರುತ್ತದೆ, ಆಮೇಲೆ 21. ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆಗಳಲ್ಲಿ ಮತ್ತೆ ಮತ್ತೆ ಚಿತ್ರ ಬೇಕಾಗುವುದರಿಂದ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಹೊದಿಕೆಯ ಮೇಲೆಯೇ ಹೆಚ್ಚು ಭಾರ ಹಾಕುತ್ತೇವೆ.

ಎರಡನೆಯ ಆಕ್ಷೇಪ, ಊದುವ ಗಾಳಿ ಗಾಯದ ಮೇಲೆ ಧೂಳೆಬ್ಬಿಸಿ ಸೋಂಕು ತರುತ್ತದೆ ಎಂಬುದು. ಇದು ಜಗತ್ತಿನಾದ್ಯಂತ ಚರ್ಚೆಯಾದ ಸಂಗತಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಲಭ್ಯ ಪುರಾವೆಯನ್ನು ಪರಿಶೀಲಿಸಿ, ಅಂತಹ ಸಂಬಂಧ ಸ್ಥಿರವಾಗಿ ಕಂಡುಬಂದಿಲ್ಲ, ಅಗತ್ಯವಿದ್ದಲ್ಲಿ ಬಳಸುವುದನ್ನು ಮುಂದುವರಿಸಿ ಎಂದು ವೈದ್ಯರಿಗೆ ತಿಳಿಸಿತು. ಯಂತ್ರದ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸುವ ಷರತ್ತಿನ ಮೇಲೆ ಎಲ್ಲರೂ ಒಪ್ಪಿದರು.

ಹೊಸ ಯಂತ್ರವೊಂದನ್ನು ಕೊಂಡೆವು. ಅದರ ಕಾಗದದ ಹೊದಿಕೆ ಒಬ್ಬರಿಗೆ ಒಂದೇ ಸಲ ಬಳಸುವಂಥದ್ದು, ಖರ್ಚಿನ ಮಾತು ಬಂದೇ ಬಂತು. ಅದಕ್ಕೆ ಒಂದೇ ಹೊದಿಕೆ ರೋಗಿಯ ಜೊತೆಗೇ ಪಯಣಿಸುವಂತೆ ಮಾಡಿದೆವು. ಹಜಾರದಲ್ಲಿ ಹೊದ್ದದ್ದೇ ಒಟಿಯಲ್ಲಿ, ಒಟಿಯಲ್ಲಿ ಹೊದ್ದದ್ದೇ ಎಚ್ಚರಗೊಳ್ಳುವ ಕೋಣೆಯಲ್ಲಿ. ಮುಖ್ಯವಾದದ್ದು ಹಜಾರದ ಅರ್ಧ ತಾಸು. ಅರಿವಳಿಕೆಗೆ ಮುನ್ನ ಚರ್ಮವನ್ನು ಬೆಚ್ಚಗೆ ಮಾಡಿದರೆ, ಪಡಸಾಲೆ ಮೊದಲೇ ಬಿಸಿಯಾಗಿರುವುದರಿಂದ, ಬಾಗಿಲು ತೆರೆದಾಗ ಅಡುಗೆಮನೆ ಕಳೆದುಕೊಳ್ಳುವುದು ಕಡಿಮೆ. ಹತ್ತು ನಿಮಿಷ ಸಿಕ್ಕರೂ ಲಾಭವಿದೆ. ಪಕ್ಕದ ಕೋಣೆಗೆ ಸಿಸೇರಿಯನ್ ಬಂದರೆ ಈಗ ಹಜಾರದಲ್ಲಿ ಕಾಯುವ ತಾಸು ಹಾಳಾಗುವುದಿಲ್ಲ, ಚಿಕಿತ್ಸೆಯಾಗುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಬೇಕು. ಆ ಮೊದಲ ವಾರ ಕಾಗದದ ಹೊದಿಕೆ ಮುಗಿದಿತ್ತೆಂದು ಒಬ್ಬ ಸಹಾಯಕರು ಯಂತ್ರದ ಕೊಳವೆಯನ್ನೇ ಬೆಡ್‌ಶೀಟಿನ ಅಡಿಗೆ ತೂರಿಸಿಟ್ಟಿದ್ದರು, ಒಳ್ಳೆಯ ಮನಸ್ಸಿನಿಂದ. ನಾನು ಕಂಡು ಎಳೆದು ತೆಗೆದೆ. ಹೊದಿಕೆಯಿದ್ದಾಗ ನೂರಾರು ಸಣ್ಣ ತೂತುಗಳಲ್ಲಿ ಹಂಚಿಹೋಗುವ ಬಿಸಿ, ಬರಿಯ ಕೊಳವೆಯಿಂದ ಒಂದೇ ಜಾಗಕ್ಕೆ ಬಡಿಯುತ್ತದೆ. ಅರಿವಳಿಕೆಯಲ್ಲಿರುವವರು ಸುಡುತ್ತಿದೆ ಎಂದು ಹೇಳಲಾರರು. ಹೀಗೆ ಚರ್ಮ ಸುಟ್ಟುಹೋದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿವೆ. ಹೊದಿಕೆ ಇಲ್ಲದಿದ್ದರೆ ಯಂತ್ರವನ್ನು ಮುಟ್ಟಬಾರದು. ಬಕೆಟ್ಟಿನ ಬಿಸಿನೀರಿನಲ್ಲಿ ಸಲೈನ್ ಚೀಲ ಅದ್ದಿಡುವ ಹಳೆಯ ಪದ್ಧತಿಯನ್ನೂ ಅಂದೇ ನಿಲ್ಲಿಸಿದೆವು. ಆ ನೀರು ಹೋಗುವುದು ಬಯಲಾದ ನರದ ಪಕ್ಕಕ್ಕೆ, ಅಲ್ಲಿ ಅಂದಾಜಿಗೆ ಜಾಗವಿಲ್ಲ. ತಾಪ ನಿಯಂತ್ರಿಸುವ ಕಪಾಟಿನಲ್ಲಿ 38ಕ್ಕೆ ಇಟ್ಟು, ತೂಗುಹಾಕುವ ಮುನ್ನ ಥರ್ಮಾಮೀಟರಿನಿಂದ ನೋಡಿ, ಹಾಳೆಯಲ್ಲಿ ಬರೆಯುತ್ತೇವೆ. ರಕ್ತನಾಳಕ್ಕೆ ಹೋಗುವ ಸಲೈನಿಗೆ ಬೇರೆ ಸಣ್ಣ ಯಂತ್ರವಿದೆ.

ಬೋರಲು ಮಲಗಿದವರಿಗೆ ಹೊದಿಸುವುದು ಕಲಿಯಬೇಕಾದ ಕೆಲಸ. ಬೆನ್ನೇ ಶಸ್ತ್ರಚಿಕಿತ್ಸಕರ ಜಾಗವಾದ್ದರಿಂದ ಉಳಿಯುವುದು ಪೃಷ್ಠದಿಂದ ಕೆಳಗೆ, ಭುಜದಿಂದ ಮೇಲೆ. ಕೆಳಗಿನ ಹೊದಿಕೆಯನ್ನು ಸಿ-ಆರ್ಮ್ ಓಡಾಡುವ ದಾರಿಗೆ ಅಡ್ಡಬಾರದಂತೆ ಅಂಟಿಸುತ್ತೇವೆ. ತಲೆಗೆ ಹತ್ತಿಯಿಟ್ಟ ಟೊಪ್ಪಿಗೆ, ಕಿವಿ ಮುಚ್ಚುವಂತೆ. ನೀರು ಸೋರಿ ಮೈಕೆಳಗೆ ನಿಲ್ಲದಂತೆ, ಚೀಲವಿರುವ ಪ್ಲಾಸ್ಟಿಕ್ ಹಾಳೆಯ ಅಂಚನ್ನು ಚರ್ಮಕ್ಕೆ ಒತ್ತಿ ಅಂಟಿಸುವುದು ಎಲ್ಲಕ್ಕಿಂತ ಕಷ್ಟದ್ದು. ಈಗಲೂ ಕೆಲವೊಮ್ಮೆ ಸೋರುತ್ತದೆ. ಒದ್ದೆ ಮೈಗೆ ಊದುವ ಬಿಸಿಗಾಳಿಯಿಂದ ಹೆಚ್ಚು ಪ್ರಯೋಜನವಿಲ್ಲ, ನೀರು ಆರುತ್ತ ಶಾಖವನ್ನು ಕದ್ದೊಯ್ಯುತ್ತದೆ. ಪ್ರೋಬ್ ಈಗ ಉಸಿರಾಟದ ಕೊಳವೆ ಹಾಕಿದ ಕೂಡಲೇ, ತಿರುಗಿಸುವ ಮೊದಲೇ ಒಳಹೋಗುತ್ತದೆ.

ವಾರ್ಡಿನಲ್ಲಿ ಆದದ್ದು ಚಿಕ್ಕ ಬದಲಾವಣೆ, ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡದು. ತಲೆಸ್ನಾನ ಹಿಂದಿನ ಸಂಜೆ. ತಾಪ 36ಕ್ಕಿಂತ ಕಡಿಮೆ ಇದ್ದರೆ ನರ್ಸ್ ನನಗೆ ಫೋನ್ ಮಾಡಬೇಕು, ತುರ್ತು ಇಲ್ಲದಿದ್ದರೆ ಬೆಚ್ಚಗಾಗುವವರೆಗೆ ಅರಿವಳಿಕೆ ಇಲ್ಲ. ಕೌದಿಯೋ ಕಂಬಳಿಯೋ, ಹೊರಗಿನ ಬಟ್ಟೆ ದಾಟಬಾರದ ಒಟಿಯ ಕೆಂಪು ಗೆರೆಯವರೆಗೆ ಮೈಮೇಲೆಯೇ ಇರುತ್ತದೆ, ಅಲ್ಲಿ ಬಿಸಿಗಾಳಿಯ ಹೊದಿಕೆಗೆ ಕೈ ಬದಲಾಗುತ್ತದೆ. ನಡುವೆ ಬರಿಮೈಯಿಲ್ಲ. ಗೆರೆಯ ಹೊರಗೆ ಒಂದು ಕಪಾಟು ಇಟ್ಟಿದ್ದೇವೆ. ಮಡಚಿದ ಕೌದಿಗಳು ಬೆಡ್ ಸಂಖ್ಯೆಯ ಚೀಟಿಯೊಂದಿಗೆ ಅಲ್ಲಿ ಕಾಯುತ್ತವೆ. ಇದೆಲ್ಲದರ ಉಸ್ತುವಾರಿಯನ್ನು ಒಬ್ಬ ತಂತ್ರಜ್ಞರಿಗೆ, ಅವರ ಹೆಸರು ಬರೆದೇ ವಹಿಸಿದೆವು. ಅಲ್ಲಿಯವರೆಗೆ ಅದು ವಾರ್ಡಿನದೂ ಅಲ್ಲ, ಒಟಿಯದೂ ಅಲ್ಲ, ನನ್ನದೂ ಅಲ್ಲ ಎಂಬಂತಿತ್ತು. ಮರು ತಿಂಗಳು ಇದೇ ಶಸ್ತ್ರಚಿಕಿತ್ಸೆಗೆ ಬಂದ, ಇವರಷ್ಟೇ ತೆಳ್ಳಗಿದ್ದ ಇನ್ನೊಬ್ಬ ವೃದ್ಧೆಯ ಒಳತಾಪ ಆರಂಭದಲ್ಲಿ 36.4, ಮುಗಿದಾಗ 35.9 ಇತ್ತು. 36ರಲ್ಲಿ ನಿಲ್ಲಲಿಲ್ಲ ಎಂದು ತಂತ್ರಜ್ಞರು ಬೇಸರಪಟ್ಟುಕೊಂಡರು. ಆ ವೃದ್ಧೆ ನಡುಗಲಿಲ್ಲ.

ಆರು ವಾರಗಳ ನಂತರ

ತಪಾಸಣೆಗೆ ಅವರು ಮಗಳೊಂದಿಗೆ ಬಂದರು. ಬಸ್ ನಿಲ್ದಾಣದಿಂದ ಆಟೋ ಹಿಡಿಯದೆ ನಡೆದೇ ಬಂದಿದ್ದರು, ಅದನ್ನು ಹೇಳುವಾಗ ಮುಖ ಅರಳಿತ್ತು. ಗಾಯ ಮಾಗಿತ್ತು. ಆ ದಿನದ್ದು ಏನು ನೆನಪಿದೆ ಎಂದು ಕೇಳಿದೆ. ನೋವು ನೆನಪಿಲ್ಲ, ಚಳಿ ನೆನಪಿದೆ ಎಂದರು. ಕೇಳಬೇಕೋ ಬೇಡವೋ ಎಂಬಂತೆ ಸ್ವಲ್ಪ ತಡೆದು, ಒಂದು ಪ್ರಶ್ನೆ ಕೇಳಿದರು.

‘ತಂಗಿ, ಅಂದು ಹಜಾರದಲ್ಲಿ ನನ್ನ ಮುಂದೆಯೇ ಒಬ್ಬಳು ಹೆತ್ತು ಹೊರಬಂದಳು. ಅವಳಿಗೆ ಕಿವಿ ಕಟ್ಟಿ, ಮೈತುಂಬ ಹೊದಿಸಿ ಕರೆದುಕೊಂಡು ಹೋದಿರಿ. ಬಾಣಂತಿಗೆ ಚಳಿ ತಾಗಬಾರದು ಎಂದು ಎಲ್ಲರಿಗೂ ಗೊತ್ತು. ನನಗೆ ಯಾಕೆ ಕಟ್ಟಲಿಲ್ಲ?’

ಅವರ ಧ್ವನಿಯಲ್ಲಿ ದೂರು ಇರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು. ನನ್ನಿಂದ ತಪ್ಪಾಯಿತು ಅವ್ವ ಎಂದೆ. ಬದಲಾದದ್ದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸರಿ ಎನ್ನಿಸಿ, ಕೆಂಪು ಗೆರೆಯ ಹೊರಗಿನ ಹಜಾರಕ್ಕೆ ಕರೆದೊಯ್ದೆ. ಟ್ರಾಲಿಯೊಂದು ಖಾಲಿಯಿತ್ತು, ಮುಂದಿನ ರೋಗಿಗಾಗಿ ಹೊದಿಕೆ ಆಗಲೇ ಉಬ್ಬಿ ನಿಂತಿತ್ತು. ಅವರು ಕೈ ಒಳಗಿಟ್ಟರು. ಮಗ್ಗದ ಮೇಲೆ ಬಟ್ಟೆಯ ನೇಯ್ಗೆ ನೋಡುವವರಂತೆ ಅಂಗೈಯನ್ನು ಅತ್ತಿತ್ತ ಆಡಿಸಿ, ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡರು. ಆಮೇಲೆ ಮಗಳನ್ನು ಹತ್ತಿರ ಕರೆದು, ಅವಳ ಕೈಯನ್ನೂ ಅದರೊಳಗೆ ಇಡಿಸಿದರು.